ಅಂಬೆಯ ವಾದ

ಗ್ರೀಕರಲ್ಲಿ ‘ಅಗೋನ್’ ಎಂಬ ಮಾತೊಂದಿತ್ತು. ಮೊದಲು ಜನ ಕೂಡುವ ಜಾಗ. ಆಮೇಲೆ ಅಲ್ಲಿ ನಡೆವ ಪಂದ್ಯ, ನ್ಯಾಯಸ್ಥಾನದ ವ್ಯಾಜ್ಯ, ನಾಟಕದಲ್ಲಿ ಇಬ್ಬರ ವಾಗ್ವಾದ. ಅದರಿಂದ ಹುಟ್ಟಿದ ‘ಅಗೋನಿಯಾ’ ಕೊನೆಗೆ ಯಾತನೆಯೆಂದೂ ಆಯಿತು.

1934ರಲ್ಲಿ ಇಡಗುಂಜಿ ಮೇಳ ಹುಟ್ಟಿದ ಹೊನ್ನಾವರ ಸೀಮೆಯ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಡಾಟದಲ್ಲಿ ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳದಲ್ಲಿ ಪಂಥಕ್ಕೆ ಬಿದ್ದು ಕುಣಿಯುತ್ತವೆ. ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಮಾತಿನ ಕಾಳಗ.

ಆದರೆ ‘ಭೀಷ್ಮವಿಜಯ’ ಕೇಳುವಾಗಲೆಲ್ಲ ನನ್ನದೊಂದು ತಕರಾರು. ಸ್ವಯಂವರದ ಪಂದ್ಯದಲ್ಲಿ ಅಂಬೆ ಬರೀ ಪಣ. ಸಾಲ್ವ ಒಲ್ಲೆನೆಂದ ಮೇಲೆ ಅವಳೇ ವಾದಿ. ಭೀಷ್ಮ ಶಾಸ್ತ್ರವೆತ್ತಿ ಪ್ರತಿಜ್ಞೆಯ ಮಹಿಮೆ ಹೇಳಿದಾಗ ಚಪ್ಪಾಳೆ. ತಾನಿನ್ನು ಎಲ್ಲಿಗೆ ಹೋಗಬೇಕೆಂಬ ಅವಳ ಪ್ರಶ್ನೆಗೆ ಪ್ರತಿಜ್ಞೆ ಉತ್ತರವೇ ಅಲ್ಲ. ಆ ಪ್ರಶ್ನೆಯನ್ನು ಅಳುವಿನಲ್ಲಿ ಮುಗಿಸುವ ಅರ್ಥಧಾರಿಗಳು ಪಾತ್ರವನ್ನು ಸೋಲಿಸುತ್ತಾರೆ. ಉತ್ತರ ಬರುವತನಕ ಬಿಡದೆ ಕೇಳುವವರು ಪ್ರಸಂಗಕ್ಕೇ ಕಳೆ ಕಟ್ಟಿಸುತ್ತಾರೆ. ಕ್ರಿ.ಪೂ. 431ರಲ್ಲಿ ಯೂರಿಪಿಡೀಸನ ಮೀಡಿಯಾ ತನ್ನನ್ನು ಬಿಟ್ಟ ಗಂಡನೆದುರು ಹೀಗೇ ನಿಂತು ವಾದಿಸಿದ್ದಳು.

ಪ್ರಸಂಗದ ಹೆಸರು ಭೀಷ್ಮನ ವಿಜಯವೆಂದೇ ಇರಲಿ. ಯಾತನೆ ಯಾರದೆಂಬುದನ್ನು ಮಾತ್ರ ಕೂಡಿದ ಸಭೆ ಮರೆಯಬಾರದು.