ವರ್ಷಗಳು ಕಟ್ಟಿದ ಓಟ

2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ನಾರ್ವೆಯ ಮಾರಿಟ್ ಬ್ಯೋರ್ಗೆನ್ 30 ಕಿ.ಮೀ. ಸ್ಕೀ ಓಟ ಗೆದ್ದಾಗ ಅವರಿಗೆ 37 ವರ್ಷ. ಎರಡನೆಯವರು ಗುರಿ ಮುಟ್ಟಿದ್ದು ಒಂದೂಮುಕ್ಕಾಲು ನಿಮಿಷಕ್ಕೂ ತಡವಾಗಿ. ಅದು ಬ್ಯೋರ್ಗೆನ್ ಅವರ 15ನೇ ಒಲಿಂಪಿಕ್ ಪದಕ.

ನನಗೆ ಪದಕಕ್ಕಿಂತ ಅವರ ತರಬೇತಿಯ ದಿನಚರಿಯೇ ದೊಡ್ಡದು. ಸಂಶೋಧಕರು ಅದನ್ನು ಲೆಕ್ಕಹಾಕಿದ್ದಾರೆ: 20ರ ವಯಸ್ಸಿನಲ್ಲಿ ವರ್ಷಕ್ಕೆ 522 ಗಂಟೆ, 35ರಲ್ಲಿ 940. ಸಾಮಾನ್ಯವಾಗಿ ಬೇರೆಯವರು ನಿವೃತ್ತಿಯ ಮಾತಾಡುವ ವಯಸ್ಸು ಅದು! ಉತ್ತುಂಗದ ವರ್ಷಗಳಲ್ಲೂ ದಮ್ಮಿನ ಅಭ್ಯಾಸದ ಶೇಕಡ 90ಕ್ಕೂ ಹೆಚ್ಚು ಪಾಲು ಏದುಸಿರು ಬಾರದಷ್ಟು ನಿಧಾನದ್ದು.

ಆ ನಿಧಾನದಲ್ಲೇ ತಂತ್ರವೂ ಪಳಗುತ್ತದೆ. ಕ್ಲಾಸಿಕ್ ಶೈಲಿಯ ಸ್ಕೀ ನಡುವೆ ಕಮಾನಿನಂತೆ ಎದ್ದಿರುತ್ತದೆ; ಹಿಡಿತದ ಮೇಣ ಹಚ್ಚುವುದು ಅಲ್ಲೇ, ಪಾದದ ಕೆಳಗೆ. ಇಡೀ ಮೈಭಾರ ಒಂದೇ ಕಾಲಿಗೆ ಬಿದ್ದ ಕ್ಷಣ ಮಾತ್ರ ಕಮಾನು ಚಪ್ಪಟೆಯಾಗಿ ಮೇಣ ಹಿಮ ಕಚ್ಚುತ್ತದೆ. ಒದೆತ ಚೂರು ತಡವಾದರೂ ಕಾಲು ಹಿಂದಕ್ಕೆ ಜಾರುತ್ತದೆ. ಹಿಮವಿಲ್ಲದ ಬೇಸಿಗೆಯಲ್ಲೂ ಗಾಲಿ ಸ್ಕೀ ಕಟ್ಟಿಕೊಂಡು ಡಾಂಬರು ರಸ್ತೆಯಲ್ಲಿ ಇದೇ ಸಾಧನೆ.

ಈ ಅಭ್ಯಾಸದ ವರ್ಷಗಳ ನಡುವೆಯೇ, 2015ರ ಕೊನೆಗೆ, ಬ್ಯೋರ್ಗೆನ್ ತಾಯಿಯಾದರು. ಆ ಬಳಿಕವೂ 2017ರ ಲಾಹ್ತಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕು ಚಿನ್ನ ಗೆದ್ದರು.