ಎರಡು ಡಿಗ್ರಿಯ ಹದ

ಬೆಂಗಳೂರಿನ ಬನಶಂಕರಿಯ ಒಂದು ಶೆಡ್ಡು, ರಾತ್ರಿ ಒಂಬತ್ತು. ಪೋಲೋ ಜಿಟಿ ಕಾರಿನ ಸ್ಟಿಯರಿಂಗ್ ಕೆಳಗಿಂದ ಹೊರಟ ವೈರು ಪಕ್ಕದ ಸೀಟಿನ ಲ್ಯಾಪ್‌ಟಾಪ್ ಸೇರಿದೆ. ಇಂಜಿನ್ನಿನ ಲೆಕ್ಕ ತಿದ್ದುವ ಟ್ಯೂನರ್ ಇನ್ನೂ ಬಾನೆಟ್ ಎತ್ತಿಲ್ಲ. ಅಂಕಿಗಳ ಸಾಲಿನ ಮೇಲೆ ಬೆರಳಾಡಿಸುತ್ತಾ, "ಮೂರನೇ ಸಿಲಿಂಡರ್ ಗೊಣಗ್ತಿದೆ" ಅಂದ. ಅಲ್ಲಿ ಮೈನಸ್ 3 ಇತ್ತು. ನಾಕ್ ಸೆನ್ಸರ್‌ಗೆ ಇಂಧನ ಹೊತ್ತಲ್ಲದ ಹೊತ್ತಲ್ಲಿ ಸಿಡಿಯುವ ಬಡಿತ ಕೇಳಿಸಿ, ಇಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ತಾನೇ ಕಿಡಿಯನ್ನು ಮೂರು ಡಿಗ್ರಿ ತಡಮಾಡಿತ್ತು.

ಪಿಸ್ಟನ್ ತುದಿ ಮುಟ್ಟುವ ಮುಂಚೆಯೇ ಕಿಡಿ ಹಾರಬೇಕು. ತೀರಾ ಮುಂಚೆಯಾದರೆ ಬಡಿತ; ತಡವಾದರೆ ಬಿಸಿಯೆಲ್ಲ ಹೊಗೆಯ ಜೊತೆ ಹೋಗಿ ಟರ್ಬೊ ಕಾದುಹೋಗುತ್ತದೆ. ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಟರ್ಬೊ ತುಂಬುವ ಗಾಳಿಯ ಒತ್ತಡ, ಅಂದರೆ ಬೂಸ್ಟ್, ಏರಿದಾಗ ಅದನ್ನು 12ರ ಆಸುಪಾಸಿಗೆ ಇಳಿಸುತ್ತಾರೆ, ಹೆಚ್ಚಿನ ಪೆಟ್ರೋಲ್ ಆವಿಯಾಗುತ್ತಾ ಒಳಗನ್ನು ತಣಿಸಲಿ ಅಂತ. 2023ರ ಫೆಬ್ರವರಿಯಲ್ಲಿ ಇದೇ ಬೆಂಗಳೂರಲ್ಲಿ ಬಿಡುಗಡೆಯಾದ ಇ20, ಅಂದರೆ ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್, ಈ ಲೆಕ್ಕವನ್ನೂ ಕದಲಿಸಿತು: ಎಥನಾಲ್‌ಗೆ 9 ಪಾಲು ಗಾಳಿ ಸಾಕು, ಬಡಿತವನ್ನೂ ಅದು ಚೆನ್ನಾಗಿ ತಾಳುತ್ತದೆ. ಜೊತೆಗೆ ಊರು 900 ಮೀಟರ್ ಎತ್ತರದ್ದು. ಗಾಳಿ ತೆಳು; ಕಡಲತೀರದಲ್ಲಿ ಕೊಡುವಷ್ಟೇ ಗಾಳಿ ಕೊಡಲು ಟರ್ಬೊ ಇನ್ನಷ್ಟು ಜೋರಾಗಿ ತಿರುಗಬೇಕು. ಕಡಲತೀರದ ಚೆನ್ನೈಗೆ ಹೊಂದಿಸಿದ ಮ್ಯಾಪ್, ಅಂದರೆ ಇಸಿಯುನ ಅಂಕಿಗಳ ಕೋಷ್ಟಕ, ಇಲ್ಲಿಗೆ ಹಾಗೇ ಒಗ್ಗಲ್ಲ.

 

ನನಗೆ ಹಿಡಿಸಿದ್ದು ಆ ಟ್ಯೂನರನ ಜಿಪುಣತನ. ಕಿಡಿಯ ಸಮಯದ ಇಡೀ ಕೋಷ್ಟಕ ಮುಟ್ಟಲಿಲ್ಲ. 4,000 ಆರ್‌ಪಿಎಂ ಸುತ್ತಲಿನ ನಾಲ್ಕು ಮನೆಗಳಲ್ಲಿ ಮಾತ್ರ ಎರಡು ಡಿಗ್ರಿ ಕಳೆದ. ಕಾರನ್ನು ಮತ್ತೆ ಡೈನೊ (ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಉರುಳೆ) ಮೇಲೆ ಓಡಿಸಿದಾಗ ಮೂರನೇ ಸಿಲಿಂಡರ್ ಎದುರು ಸೊನ್ನೆ. ಆಮೇಲೆ ಬಾನೆಟ್ ಎತ್ತಿ, ಸ್ಪಾರ್ಕ್ ಪ್ಲಗ್ ಬಿಚ್ಚಿ, ಟಾರ್ಚ್ ಬಿಟ್ಟು ಅದರ ತುದಿಯ ಬಣ್ಣ ನೋಡಿದ.