ಮಾರ್ದನಿಯ ಬಯಲು

ಆಂಗ್ಲಕವಿ ವಿಲಿಯಂ ಬ್ಲೇಕನ (1757–1827) ‘ದಿ ಎಕೋಯಿಂಗ್ ಗ್ರೀನ್’ ಎಂಬ ಕವಿತೆಯು 1789ರ ‘ಸಾಂಗ್ಸ್ ಆಫ್ ಇನೊಸೆನ್ಸ್’ ಎಂಬ ಸಂಗ್ರಹದಲ್ಲಿದೆ. ಹತ್ತು ಹತ್ತು ಪಂಕ್ತಿಗಳ ಮೂರೇ ಪದ್ಯಗಳು; ಮಕ್ಕಳ ಬಾಯಿಗೆ ಒಗ್ಗುವ ನುಡಿ. ಆದುದರಿಂದಲೇ ಇದನ್ನು ಬರಿಯ ಶಿಶುಗೀತವೆಂದು ಬದಿಗಿಡುವವರುಂಟು. ಕಡೆಯ ಪದ್ಯದ ಕತ್ತಲೆಯನ್ನು ಮೃತ್ಯುವೆಂದೇ ಹಿಡಿದು ಇಡಿಯ ಕವಿತೆಯನ್ನು ವೈರಾಗ್ಯಬೋಧೆಯಾಗಿ ಮಾಡುವವರೂ ಉಂಟು. ಇಬ್ಬರೂ ಕವಿತೆಯನ್ನು ಅರ್ಧದಷ್ಟೇ ಓದಿದವರು.

ಇಲ್ಲಿಯ ‘ಗ್ರೀನ್’ ಎಂದರೆ ಊರ ನಡುವೆ ಎಲ್ಲರಿಗೂ ಸೇರಿದ ಹುಲ್ಲುಬಯಲು. ಅದನ್ನು ‘ಗೋಮಾಳ’ವೆಂದು ಕನ್ನಡಿಸಿದರೆ ಆಟವು ಹೋಗಿ ದನಗಳು ಮಾತ್ರ ಉಳಿದಾವು! ಸೂರ್ಯೋದಯ, ವಸಂತವನ್ನು ಎದುರುಗೊಳ್ಳುವ ಘಂಟಾನಾದ, ಅದಕ್ಕೆ ಸರಿಯಾಗಿ ಗಟ್ಟಿಯಾಗುವ ಹಕ್ಕಿಗಳ ಹಾಡು, ಮಕ್ಕಳ ಆಟ: ಇದು ಮೊದಲನೆಯ ಪದ್ಯ. ಎರಡನೆಯದರಲ್ಲಿ ಓಕ್ ಮರದ ನೆಳಲಲ್ಲಿ ಮುದುಕರ ನಡುವೆ ಕುಳಿತ ನರೆಗೂದಲಿನ ಜಾನಜ್ಜನು ಚಿಂತೆಯನ್ನು ನಕ್ಕು ಕಳೆಯುತ್ತಾನೆ. ಮೂರನೆಯದರಲ್ಲಿ ದಣಿದ ಮಕ್ಕಳು, ಗೂಡುಸೇರಿದ ಹಕ್ಕಿಗಳಂತೆ, ತಾಯಂದಿರ ಮಡಿಲ ಸುತ್ತ ನಿದ್ರೆಗೆ ಅಣಿಯಾಗುತ್ತಾರೆ.

ಕವಿಯ ಜಾಣ್ಮೆಯೆಲ್ಲ ಪ್ರತಿ ಪದ್ಯದ ಕೊನೆಯಲ್ಲಿದೆ. ಮೊದಲು ಮಕ್ಕಳು ತಮ್ಮ ಆಟವು ಬಯಲಿನಲ್ಲಿ ಕಾಣುವುದೆಂದು ಭವಿಷ್ಯತ್ಕಾಲದಲ್ಲಿ ನುಡಿಯುತ್ತಾರೆ. ಮುದುಕರು ಅದೇ ಮಾತನ್ನು ಭೂತಕಾಲಕ್ಕೆ ತಿರುಗಿಸುತ್ತಾರೆ: ತಾವೂ ಒಮ್ಮೆ ಹೀಗೆಯೇ ಕಾಣಿಸಿಕೊಂಡವರು. ಬಯಲಿನಲ್ಲಿ ಏಳುವ ನಿಜವಾದ ಮಾರ್ದನಿಯು ಇದೇ. ಎಳೆಯರ ಕೂಗು ಮುದುಕರ ನೆನಪಿಗೆ ತಾಗಿ ಹಿಂದಿರುಗುತ್ತದೆ. ಕಡೆಯಲ್ಲಿ ಆಟವು ಕಾಣುವುದಿಲ್ಲ. ಅದರ ಹಿಂದಿದ್ದ ‘ನಮ್ಮ’ ಎಂಬ ಮಾತು ಸಹ ಜಾರಿಹೋಗಿದೆ. ಮಾರ್ದನಿಗೊಡುತ್ತಿದ್ದ ಬಯಲು ಈಗ ಕಪ್ಪಾಗುವ ಬಯಲು. ಆಡುವವರು ಯಾರೆಂಬುದು ಮುಖ್ಯವಲ್ಲದೆ ಹೋಗಿ ಬಯಲೊಂದೇ ಉಳಿಯಿತು.

ಇದರಲ್ಲಿ ಮರಣದ ಸೂಚನೆಯಿಲ್ಲವೆ? ಇದೆ, ಆದರೆ ವಾಚ್ಯವಾಗಿ ಇಲ್ಲ. ನಮ್ಮ ಆಲಂಕಾರಿಕರು ಘಂಟೆಯ ಅನುರಣನಕ್ಕೆ ಹೋಲಿಸಿದ ವ್ಯಂಗ್ಯಾರ್ಥವಿದು. ನಿದ್ರೆ ಮೊದಲು ನಿದ್ರೆಯಾಗಿಯೇ ನಿಲ್ಲಬೇಕು, ಮಡಿಲು ಮಡಿಲಾಗಿಯೇ ಇರಬೇಕು. ಆ ಬಳಿಕವೇ ಮತ್ತೊಂದು ಅರ್ಥವು ಮೆಲ್ಲನೆ ಕೇಳಿಸುವುದು. ಘಂಟೆಯನ್ನೇ ಒಡೆದು ನಾದವನ್ನು ಹುಡುಕುವುದು ವಿಮರ್ಶೆಯಲ್ಲ. ಬ್ಲೇಕನು ಪದ್ಯವನ್ನೂ ಚಿತ್ರವನ್ನೂ ಒಂದೇ ತಾಮ್ರದ ಹಲಗೆಯ ಮೇಲೆ ಮೂಡಿಸಿದವನೆಂಬುದನ್ನೂ ಮರೆಯಲಾಗದು. ಮಾತು ಕತ್ತಲಾಗುವ ಆ ಕಡೆಯ ಪುಟದಲ್ಲೇ ಬಳ್ಳಿಯೇರಿದ ಹುಡುಗನೊಬ್ಬನು ಕೆಳಗಿನ ಹುಡುಗಿಗೆ ದ್ರಾಕ್ಷಿಯ ಗೊಂಚಲನ್ನು ನೀಡುತ್ತಿದ್ದಾನೆ.

ಜಾನಜ್ಜನ ನಗೆ ಸುಲಭವಾದುದಲ್ಲ. 1794ರಲ್ಲಿ ‘ಸಾಂಗ್ಸ್ ಆಫ್ ಎಕ್ಸ್‌ಪೀರಿಯೆನ್ಸ್’ ಸೇರಿದಾಗ ಅದರೊಳಗೆ ಒಬ್ಬ ದಾದಿ ಬಂದಳು. ಅವಳೂ ಹಸುರಿನ ಮೇಲೆ ಮಕ್ಕಳ ದನಿಯನ್ನು ಕೇಳುತ್ತಾಳೆ, ಅವಳಿಗೂ ತನ್ನ ಎಳೆತನ ನೆನಪಾಗುತ್ತದೆ. ಆದರೆ ನಗೆ ಬರುವುದಿಲ್ಲ. ಆಟದಲ್ಲಿ ಹಗಲು ವ್ಯರ್ಥವಾಯಿತೆಂದು ಮಕ್ಕಳನ್ನು ಒಳಕ್ಕೆ ಕರೆಯುತ್ತಾಳೆ. ಬಯಲಿನ ಆ ಹಸುರು ಅವಳ ಬಿಳಿಚಿದ ಮುಖಕ್ಕೆ ಏರಿದೆ.